ಅಗ್ಗದ ಗುಳಿಗೆ, ಕಂಪನಿ ಗುಳಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಉತ್ತರ ಕನ್ನಡದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಜನರಿಕ್ ಮಾತ್ರೆಗಳನ್ನು, ಅಂದರೆ ಕಂಡುಹಿಡಿದ ಸಂಸ್ಥೆಯಲ್ಲದೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧದ ಮಾತ್ರೆಗಳನ್ನು ಕುರಿತೇ ಇದ್ದುದರಿಂದ ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಜನೌಷಧಿ ಕೇಂದ್ರದಿಂದ ತಂದರೆ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ ಅಪ್ಪಯ್ಯ ‘ಅಗ್ಗದ ಗುಳಿಗೆ ನನಗೆ ಹಿಡಿಯುವುದಿಲ್ಲ’ ಎಂದು ಹಟ ಹಿಡಿದಿದ್ದಾರೆ. ಕಡಿಮೆ ದರದ್ದರಲ್ಲಿ ಔಷಧವೂ ಕಡಿಮೆ ಇರುತ್ತದೆಯೇ? (ಓದುಗರು, ಶಿರಸಿ)

ಉತ್ತರ: ಇರುವಂತಿಲ್ಲ. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಎಂದು ಅಚ್ಚಾದ ಮಾತ್ರೆಯನ್ನು ಯಾರೇ ತಯಾರಿಸಲಿ, ಅದರಲ್ಲಿ ಎಷ್ಟು ಔಷಧ ಇರಬೇಕು, ಅದು ಎಷ್ಟು ಹೊತ್ತಿನಲ್ಲಿ ಕರಗಬೇಕು ಎಂಬುದನ್ನು ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥವಾದ ಭಾರತೀಯ ಔಷಧಕೋಶ (ಇಂಡಿಯನ್ ಫಾರ್ಮಕೋಪಿಯ) ಗೊತ್ತುಮಾಡಿದೆ. ಔಷಧದ ಹೆಸರಿನ ಪಕ್ಕದಲ್ಲಿ ಕಾಣುವ ‘ಐಪಿ’ ಎಂಬ ಅಕ್ಷರಗಳು ಸೂಚಿಸುವುದು ಇದನ್ನೇ. ನಿಯಮ ಎಲ್ಲ ತಯಾರಕರಿಗೂ ಒಂದೇ.

ನಿಮ್ಮ ತಂದೆಯವರು ‘ಕಂಪನಿ ಗುಳಿಗೆ’ ಎಂದು ನಂಬಿಕೊಂಡಿರುವುದು ಕೂಡ ಬಹುಮಟ್ಟಿಗೆ ಜನರಿಕ್ ಔಷಧವೇ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಟೆಲ್ಮಿಸಾರ್ಟಾನನ್ನು ಕಂಡುಹಿಡಿದದ್ದು ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಸಂಸ್ಥೆ. ನಮ್ಮ ಅಂಗಡಿಗಳಲ್ಲಿ ದೊಡ್ಡ ಹೆಸರಿನಿಂದ ಓಡುವ ಟೆಲ್ಮಿಸಾರ್ಟಾನ್ ಬ್ರ್ಯಾಂಡುಗಳಲ್ಲಿ ಹೆಚ್ಚಿನವು ಭಾರತೀಯ ಕಂಪನಿಗಳು ತಯಾರಿಸಿದ ಪ್ರತಿರೂಪಗಳು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿದ್ದರಿಂದ, 2005ರಲ್ಲಿ ಆ ಕಾಯ್ದೆ ಬದಲಾಗುವವರೆಗೂ ನಮ್ಮ ಕಂಪನಿಗಳು ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಿ, ತಮ್ಮದೇ ಹೆಸರಿಟ್ಟು ಮಾರುತ್ತ ಬೆಳೆದವು. ಹೀಗಾಗಿ ಅಮೆರಿಕದಲ್ಲಿ ನಡೆಯುವ ಮೂಲ ಬ್ರ್ಯಾಂಡ್ ಮತ್ತು ಜನರಿಕ್ ನಡುವಿನ ಪೈಪೋಟಿಯನ್ನು ಹಾಗೆಯೇ ನಮ್ಮ ಊರಿನ ಅಂಗಡಿಗೆ ಅನ್ವಯಿಸಲಾಗದು. ಇಲ್ಲಿ ಸಾಮಾನ್ಯವಾಗಿ ಪೈಪೋಟಿ ನಡೆಯುವುದು ಹೆಸರಿಟ್ಟ ಜನರಿಕ್ಕಿಗೂ ಹೆಸರಿಡದ ಜನರಿಕ್ಕಿಗೂ ನಡುವೆ.

ಹಾಗಾದರೆ ದರದಲ್ಲಿ ಇಷ್ಟು ಅಂತರವೇಕೆ? ಹೆಸರನ್ನು ವೈದ್ಯರ ನಾಲಿಗೆಯ ಮೇಲೆ ನಿಲ್ಲಿಸಲು ಊರೂರು ತಿರುಗುವ ಮೆಡಿಕಲ್ ರೆಪ್‌ಗಳ ಸಂಬಳ, ಸಮ್ಮೇಳನಗಳ ಖರ್ಚು, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು, ಕಂಪನಿಯ ಲಾಭ ಎಲ್ಲವೂ ಆ ಮಾತ್ರೆಯ ಪಟ್ಟಿಯ (ಸ್ಟ್ರಿಪ್ಪಿನ) ಬೆಲೆಯಲ್ಲಿ ಸೇರಿರುತ್ತವೆ. ಹಳೆಯ ಔಷಧಗಳಲ್ಲಿ ರಾಸಾಯನಿಕದ ವೆಚ್ಚ ಇವುಗಳ ಮುಂದೆ ಚಿಕ್ಕದು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆ ಎಚ್‌ಐವಿಯ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಒದಗಿಸುವುದಾಗಿ ಹೇಳಿದಾಗ, ಬಹುರಾಷ್ಟ್ರೀಯ ಕಂಪನಿಗಳ ದರ 10,000 ಡಾಲರಿಗಿಂತ ಮೇಲಿತ್ತು. ಬೆಲೆಗೂ ಮಾತ್ರೆಯೊಳಗಿನ ಔಷಧಕ್ಕೂ ಎಷ್ಟು ದೂರದ ನಂಟು ಎಂಬುದು ಜಗತ್ತಿಗೆ ತಿಳಿದದ್ದು ಆಗ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಪ್ರಮಾಣ ಸರಿಯಿದ್ದರೆ ಸಾಲದು, ಔಷಧ ರಕ್ತವನ್ನು ಅದೇ ವೇಗದಲ್ಲಿ, ಅದೇ ಮಟ್ಟಕ್ಕೆ ಸೇರಬೇಕು. ಇದನ್ನು ಆರೋಗ್ಯವಂತ ಸ್ವಯಂಸೇವಕರ ಮೇಲೆ ಅಳೆಯುವ ಜೈವಿಕ ಸಮಾನತೆಯ ಪರೀಕ್ಷೆಯಲ್ಲಿ ಶೇ. 80ರಿಂದ 125ರ ಮಿತಿ ಇದೆ. ಜನರಿಕ್ಕಿನಲ್ಲಿ ಶೇ. 20ರಷ್ಟು ಔಷಧ ಕಡಿಮೆ ಇರಬಹುದು ಎಂದು ಈ ಮಿತಿಯನ್ನು ತಪ್ಪಾಗಿ ಓದುವವರಿದ್ದಾರೆ. ಅದು ಮಾತ್ರೆಯಲ್ಲಿರುವ ಔಷಧದ ತೂಕದ ಮಾತಲ್ಲ. ಎರಡು ಮಾತ್ರೆಗಳ ರಕ್ತಮಟ್ಟದ ಅನುಪಾತದಲ್ಲಿ ಇರಬಹುದಾದ ಲೆಕ್ಕಾಚಾರದ ಅನಿಶ್ಚಿತತೆ ಕೂಡ ಆ ಗಡಿಯೊಳಗೆ ಬೀಳಬೇಕು ಎಂಬ ಬಿಗಿಯಾದ ಶರತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1996ರಿಂದ 2007ರವರೆಗೆ ತನ್ನ ಮುಂದೆ ಬಂದ 2,070 ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ, ದೇಹ ಹೀರಿಕೊಂಡ ಔಷಧದ ಒಟ್ಟು ಪ್ರಮಾಣದಲ್ಲಿ ಕಂಡ ಸರಾಸರಿ ವ್ಯತ್ಯಾಸ ಶೇ. 3.5ರ ಆಸುಪಾಸು ಮಾತ್ರ. ಭಾರತದಲ್ಲಾದರೋ ಸರಿಯಾಗಿ ಕರಗದ ವರ್ಗಗಳ ಔಷಧಗಳಿಗೆ ಈ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ. ಅದಕ್ಕೆ ಮೊದಲು ಪರವಾನಗಿ ಪಡೆದ ಹಳೆಯ ಔಷಧಗಳಲ್ಲಿ ಅನೇಕವು ಈ ಪರೀಕ್ಷೆಯಿಲ್ಲದೆಯೇ ಮಾರುಕಟ್ಟೆಗೆ ಬಂದಿವೆ, ಮತ್ತು ಈ ಮಾತು ದುಬಾರಿ ಹೆಸರಿನವುಗಳಿಗೂ ಅಷ್ಟೇ ಸಲ್ಲುತ್ತದೆ. ಗುಣಮಟ್ಟದ ಬಗ್ಗೆ ಸಂಶಯಪಡುವುದು ತಪ್ಪಲ್ಲ. ಅಗ್ಗದ್ದನ್ನು ಮಾತ್ರ ಸಂಶಯಿಸಿ ದುಬಾರಿಯದ್ದನ್ನು ಕಣ್ಣುಮುಚ್ಚಿ ನಂಬುವುದಕ್ಕೆ ಆಧಾರವಿಲ್ಲ ಎಂಬುದಷ್ಟೇ ನನ್ನ ವಾದ.

ಅಪ್ಪಯ್ಯನವರನ್ನು ಒಪ್ಪಿಸಲು ವಾದಕ್ಕಿಂತ ಅಳತೆ ಒಳ್ಳೆಯದು. ವೈದ್ಯರಿಗೆ ತಿಳಿಸಿ, ಮೊದಲು ಒತ್ತಡದ ಮಾತ್ರೆಯೊಂದನ್ನೇ ಬದಲಿಸಿ, ಬದಲಿಸುವ ಮುಂಚಿನ ವಾರದ ಮತ್ತು ನಂತರದ ಮೂರು ನಾಲ್ಕು ವಾರಗಳ ರಕ್ತದೊತ್ತಡವನ್ನು ಒಂದೇ ಯಂತ್ರದಿಂದ, ಒಂದೇ ಹೊತ್ತಿನಲ್ಲಿ ನೋಡಿ ಬರೆದಿಡಿ. ಮೆಟ್‌ಫಾರ್ಮಿನ್ ಬದಲಿಸಿದರೆ ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಿಂದ ಗೊತ್ತಾಗುತ್ತದೆ. ಬದಲಿಸಿದ ದಿನವೇ ಹಳೆಯ ಪಟ್ಟಿಗಳನ್ನು ಡಬ್ಬಿಯಿಂದ ತೆಗೆದಿಡುವುದನ್ನು ಮರೆಯಬೇಡಿ. ಬಿಳಿ ಮಾತ್ರೆ ಒತ್ತಡಕ್ಕೆ, ಗುಲಾಬಿಯದು ಇನ್ನೇನಕ್ಕೋ ಎಂದು ಬಣ್ಣದಿಂದ ಗುರುತಿಟ್ಟುಕೊಂಡಿರುವ ಹಿರಿಯರು ಹೊಸದನ್ನೂ ಹಳೆಯದನ್ನೂ ಬೇರೆ ಬೇರೆ ಔಷಧವೆಂದು ತಿಳಿದು ಎರಡನ್ನೂ ನುಂಗಿ, ಒತ್ತಡ ಕುಸಿದು ತಲೆ ತಿರುಗಿ ಬೀಳುವುದುಂಟು. ಜನರಿಕ್‌ಗೆ ಬದಲಾಗುವಾಗ ನಾನು ಹೆದರುವ ಅಪಾಯವೆಂದರೆ ಇದು.

ಪ್ರಶ್ನೆ: ಎರಡು ಬಟ್ಟಲು ನೀರಿಗೆ ಎರಡು ಬಗೆಯ ಗುಳಿಗೆ ಹಾಕಿ ನೋಡಿದೆವು. ಕಂಪನಿಯದು ಬೇಗ ಕರಗಿತು, ಜನರಿಕ್ ಗಟ್ಟಿಯಾಗಿಯೇ ಉಳಿಯಿತು. ಇದು ಕಳಪೆ ಎನ್ನುವುದಕ್ಕೆ ಸಾಕ್ಷಿಯಲ್ಲವೇ? (ಓದುಗರು, ಕುಮಟಾ)

ಉತ್ತರ: ಅಲ್ಲ. ಪ್ರಯೋಗಾಲಯದಲ್ಲಿ ಈ ಪರೀಕ್ಷೆಯನ್ನು ದೇಹದ ಉಷ್ಣತೆಯ, ಅಂದರೆ 37 ಡಿಗ್ರಿಯ ದ್ರವದಲ್ಲಿ ಮಾತ್ರೆಯನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತ ಮಾಡುತ್ತಾರೆ. ಹೊದಿಕೆಯಿಲ್ಲದ ಮಾತ್ರೆ 15 ನಿಮಿಷದಲ್ಲಿ, ತೆಳು ಪದರದ ಹೊದಿಕೆಯದು 30 ನಿಮಿಷದಲ್ಲಿ ಒಡೆಯಬೇಕು. ಆಮ್ಲ ತಗುಲದಂತೆ ಹೊದಿಕೆ ಹಾಕಿದ, ಎಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳಾದರೆ ಜಠರದ ಆಮ್ಲವನ್ನು ಹೋಲುವ ದ್ರವದಲ್ಲಿ ಎರಡು ಗಂಟೆ ಒಡೆಯದೆ ಉಳಿಯಲೇಬೇಕು, ಕರುಳಿನ ಸ್ಥಿತಿಯನ್ನು ಹೋಲುವ ದ್ರವಕ್ಕೆ ಬಂದ ಮೇಲೆಯೇ ಒಡೆಯಬೇಕು. ಆ ಆಮ್ಲದಂಥ ದ್ರವದಲ್ಲಿ ಬೇಗ ಕರಗುವ ಪ್ಯಾಂಟೊಪ್ರಜೋಲ್ ಮಾತ್ರೆಯೇ ಕೆಟ್ಟದ್ದು.

ನೀವು ಹಾಕಿದ್ದು ಯಾವ ಔಷಧವೆಂದು ಬರೆದಿಲ್ಲ. ಮೆಟ್‌ಫಾರ್ಮಿನ್ ಆಗಿದ್ದರೆ ಎರಡೂ ಪಟ್ಟಿಗಳ ಮೇಲೆ ಹೆಸರಿನ ಬಳಿ ‘ಎಸ್‌ಆರ್’, ‘ಇಆರ್’ ಅಥವಾ ‘ಪ್ರೊಲಾಂಗ್ಡ್ ರಿಲೀಸ್’ ಎಂದು ಇದೆಯೇ ನೋಡಿ. ಅವು ಹಲವು ಗಂಟೆಗಳ ಕಾಲ ಔಷಧವನ್ನು ನಿಧಾನವಾಗಿ ಬಿಡುವಂತೆ ಮಾಡಿದವು; ಒಳಗಿನ ಔಷಧವೆಲ್ಲ ಹೊರಬಿದ್ದ ಮೇಲೂ ಖಾಲಿ ಕವಚ ಮಲದಲ್ಲಿ ಇಡಿಯಾಗಿ ಕಾಣಿಸಿ ಮನೆಯವರನ್ನು ಗಾಬರಿಪಡಿಸುತ್ತದೆ. ಒಂದು ಪಟ್ಟಿಯಲ್ಲಿ ಆ ಅಕ್ಷರಗಳಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮಾತ್ರ ಚಿಂತಿಸಬೇಕು, ಏಕೆಂದರೆ ಆಗ ನಿಮಗೆ ಸಿಕ್ಕಿರುವುದು ಅದೇ ಔಷಧದ ಬೇರೆ ರೂಪ.

ಪ್ರಶ್ನೆ: ಹೃದಯದ ತೊಂದರೆಗೆ ಗೋವೆಯಲ್ಲಿ ತೋರಿಸುತ್ತೇವೆ. ಅಲ್ಲಿಯ ವೈದ್ಯರು ಬರೆದ ಹೆಸರು ಕಾರವಾರದ ಅಂಗಡಿಗಳಲ್ಲಿ ಸಿಗುವುದಿಲ್ಲ. ಒಬ್ಬರು ‘ಅದೇ ಇದು’ ಎಂದು ಬೇರೆ ಕೊಟ್ಟರು, ಇನ್ನೊಬ್ಬರು ‘ಕೊಡಲು ಬರುವುದಿಲ್ಲ’ ಎಂದರು. ಯಾರು ಸರಿ? (ಓದುಗರು, ಕಾರವಾರ)

ಉತ್ತರ: ಕಾನೂನಿನ ಪ್ರಕಾರ ಎರಡನೆಯವರು. ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಗಳ ವಿಷಯದಲ್ಲಿ, ಬರೆದ ತಯಾರಿಕೆಯ ಬದಲು ಅದೇ ಅಂಶವಿರುವ ಇನ್ನೊಂದನ್ನೂ ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ ಎಂದು ಔಷಧ ನಿಯಮಗಳ 65ನೆಯ ನಿಯಮ ಹೇಳುತ್ತದೆ. ಇತ್ತ, ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ನೀತಿಸಂಹಿತೆಗೆ 2016ರಲ್ಲಿ ತಿದ್ದುಪಡಿಯಾಗಿದೆ. ಇದನ್ನು ಇನ್ನಷ್ಟು ಬಿಗಿಗೊಳಿಸಿದ 2023ರ ಆಗಸ್ಟ್‌ನ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು. ಈ ಎರಡರ ನಡುವೆ ಸಿಕ್ಕಿಬಿದ್ದಿರುವವರು ನಿಮ್ಮಂಥ ರೋಗಿಗಳು, ಅದರಲ್ಲೂ ದೊಡ್ಡ ಚಿಕಿತ್ಸೆಗೆ ಗೋವೆ, ಮಣಿಪಾಲ, ಹುಬ್ಬಳ್ಳಿಗಳಿಗೆ ಹೋಗಲೇಬೇಕಾದ ನಮ್ಮ ಜಿಲ್ಲೆಯವರು, ಏಕೆಂದರೆ ಒಂದು ಊರಿನಲ್ಲಿ ಓಡುವ ಬ್ರ್ಯಾಂಡ್ ಇನ್ನೊಂದು ಊರಿನಲ್ಲಿ ಹೆಸರೇ ಕೇಳಿರದದ್ದಾಗಿರಬಹುದು.

ಮುಂದಿನ ಭೇಟಿಯಲ್ಲಿ ಚೀಟಿಯ ಮೇಲೆ ಮೂಲ ಹೆಸರನ್ನೂ ಬರೆದುಕೊಡಿ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಅಲ್ಲಿಯವರೆಗೆ ಖಾಲಿ ಪಟ್ಟಿಯನ್ನು ಎಸೆಯದೆ ಜೊತೆಗಿಟ್ಟುಕೊಳ್ಳಿ. 2018ರ ಸೆಪ್ಟೆಂಬರಿನಿಂದ ಔಷಧದ ಮೂಲ ಹೆಸರು ಬ್ರ್ಯಾಂಡಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕೆಂಬ ನಿಯಮವಿದೆ. ಓದುವಾಗ ಹೆಸರಿನ ಬಾಲವನ್ನೂ ಓದಿ: ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್ ದಿನಕ್ಕೊಮ್ಮೆ ನುಂಗುವ ನಿಧಾನದ ಮಾತ್ರೆ, ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿಯದು. ‘ಅದೇ ಇದು’ ಎಂಬ ಮಾತು ಮೊದಲರ್ಧಕ್ಕೆ ಮಾತ್ರ ನಿಜವಾಗಿದ್ದರೆ ಹೃದ್ರೋಗಿಗೆ ತೊಂದರೆಯಾದೀತು.

ಪ್ರಶ್ನೆ: ನಮ್ಮ ಪೇಟೆಯ ಮೆಡಿಕಲ್ ಶಾಪಿನಲ್ಲಿಯೂ ‘ಜನರಿಕ್’ ಎಂದು ಹೇಳಿ ಎಂಆರ್‌ಪಿಯ ಮೇಲೆ ಶೇ. 40ರಷ್ಟು ಕಡಿಮೆ ಮಾಡಿ ಕೊಡುತ್ತಾರೆ. ಅದು ಲಾಭವೇ? ನಕಲಿ ಆಗಿರಬಹುದೇ? (ಓದುಗರು, ಹೊನ್ನಾವರ)

ಉತ್ತರ: ರಿಯಾಯಿತಿಯನ್ನು ನೋಡಬೇಡಿ, ಕೊನೆಗೆ ಕೊಟ್ಟ ಹಣವನ್ನು ಹತ್ತು ಮಾತ್ರೆಗೆ ಎಷ್ಟಾಯಿತೆಂದು ಭಾಗಿಸಿ ನೋಡಿ. ವ್ಯಾಪಾರಿ ಜನರಿಕ್ ಎಂದು ಕರೆಯುವ ಈ ಮಾಲು ವೈದ್ಯರ ಬಳಿಗೆ ಹೋಗದೆ ನೇರವಾಗಿ ಅಂಗಡಿಗೆ ಬರುತ್ತದೆ. ಪ್ರಚಾರದ ಖರ್ಚಿಲ್ಲದ್ದರಿಂದ ಅಂಗಡಿಯವರಿಗೆ ಬಹಳ ಕಡಿಮೆಗೆ ಸಿಗುತ್ತದೆ, ಆದರೆ ಪಟ್ಟಿಯ ಮೇಲಿನ ಎಂಆರ್‌ಪಿ ದೊಡ್ಡ ಬ್ರ್ಯಾಂಡಿನ ಹತ್ತಿರವೇ ಇರುತ್ತದೆ. ಅಂಗಡಿಯವರಿಗೆ 15 ರೂಪಾಯಿಗೆ ಬಿದ್ದ ಪಟ್ಟಿಯ ಮೇಲೆ 100 ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ, ಶೇ. 40 ಬಿಟ್ಟರೂ ನೀವು 60 ಕೊಡುತ್ತೀರಿ, 45 ಗಲ್ಲಾಪೆಟ್ಟಿಗೆಗೆ ಸೇರುತ್ತದೆ. ಮಾರುಕಟ್ಟೆಯ ಪೈಪೋಟಿಯಿಂದ ಇಳಿದ ಬೆಲೆ ನಿಮ್ಮವರೆಗೆ ತಲುಪದೆ ನಡುದಾರಿಯಲ್ಲೇ ನಿಂತುಬಿಡುತ್ತದೆ.

ಸರ್ಕಾರದ ಬೆಲೆ ನಿಯಂತ್ರಣ ಇಲ್ಲವೇ ಎಂದು ನೀವು ಕೇಳಬಹುದು. ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿರುವವುಗಳಿಗೆ ಗರಿಷ್ಠ ದರವಿದೆ, ನಿಜ. ಆದರೆ 2013ರ ಆದೇಶದಂತೆ ಆ ದರವನ್ನು ತಯಾರಿಕೆಯ ವೆಚ್ಚದಿಂದ ಲೆಕ್ಕ ಹಾಕುವುದಿಲ್ಲ, ಶೇ. 1 ಅಥವಾ ಹೆಚ್ಚು ಮಾರುಕಟ್ಟೆ ಪಾಲಿರುವ ಬ್ರ್ಯಾಂಡುಗಳ ದರಗಳ ಸರಾಸರಿ ತೆಗೆದು, ಅದಕ್ಕೆ ಚಿಲ್ಲರೆ ವ್ಯಾಪಾರಿಯ ಶೇ. 16 ಸೇರಿಸುತ್ತಾರೆ. ದುಬಾರಿಗಳ ಸರಾಸರಿ ದುಬಾರಿಯೇ ಆಗಿರುತ್ತದೆ. ಆ ಅತ್ಯಗತ್ಯ ಪಟ್ಟಿಯ ಹೊರಗಿನ ಔಷಧಗಳಿಗೆ ಇರುವ ಕಡಿವಾಣವೆಂದರೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬುದು. ಆದ್ದರಿಂದ ಎಂಆರ್‌ಪಿಯನ್ನು ಅಳತೆಗೋಲಾಗಿ ಹಿಡಿಯಬೇಡಿ, ಜನೌಷಧಿಯ ದರವನ್ನು ಹಿಡಿಯಿರಿ. ಜನೌಷಧಿ ಸುಗಮ್ ಎಂಬ ಆ್ಯಪ್‌ನಲ್ಲಿ ಔಷಧದ ಮೂಲ ಹೆಸರು ಹಾಕಿದರೆ ದರವೂ ಹತ್ತಿರದ ಕೇಂದ್ರವೂ ತಿಳಿಯುತ್ತವೆ. 2008ರಲ್ಲಿ ಆರಂಭವಾದ ಈ ಯೋಜನೆಯ ಮಾತ್ರೆಗಳು ಬ್ರ್ಯಾಂಡುಗಳಿಗಿಂತ ಶೇ. 50ರಿಂದ 80ರಷ್ಟು ಕಡಿಮೆ ದರದಲ್ಲಿ ಸಿಗುತ್ತವೆ. ಕೇಳಿದ್ದು ಅಲ್ಲಿ ಪ್ರತಿ ಬಾರಿಯೂ ಸಿಗುವುದಿಲ್ಲವೆಂಬ ದೂರು ಸುಳ್ಳಲ್ಲ; ಮಾತ್ರೆ ಮುಗಿಯಲು ಹತ್ತು ದಿನವಿರುವಾಗಲೇ ವಿಚಾರಿಸುವುದು ಕ್ಷೇಮ.

ನಕಲಿಯ ಪ್ರಶ್ನೆ ಬೇರೆ. ನಕಲಿ ಮಾಡುವವನಿಗೆ ಲಾಭವಿರುವುದು ಚೆನ್ನಾಗಿ ಓಡುವ ದುಬಾರಿ ಹೆಸರಿನಲ್ಲಿ, ಹೆಸರಿಲ್ಲದ ಅಗ್ಗದ ಪಟ್ಟಿಯಲ್ಲಲ್ಲ. ಇದಕ್ಕಾಗಿಯೇ 2023ರ ಆಗಸ್ಟ್‌ನಿಂದ ಪ್ರಮುಖ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಗುಣಮಟ್ಟದಲ್ಲಿ ಸೋತ ಔಷಧಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಅದರಲ್ಲಿ ಪ್ರಸಿದ್ಧ ಹೆಸರುಗಳೂ ಬಂದಿವೆ. ಬಿಲ್ ಪಡೆಯಿರಿ, ಬ್ಯಾಚ್ ಸಂಖ್ಯೆ ಬರೆದ ಬಿಲ್ ಇಲ್ಲದೆ ದೂರು ಕೊಟ್ಟರೆ ಮುಂದುವರಿಯುವುದು ಕಷ್ಟ.

ಪ್ರಶ್ನೆ: ನನಗೆ ಥೈರಾಯ್ಡ್ ಇದೆ, ತಮ್ಮನಿಗೆ ಅಪಸ್ಮಾರ. ನಾವೂ ಬದಲಾಯಿಸಬಹುದೇ? (ಓದುಗರು, ಸಿದ್ದಾಪುರ)

ಉತ್ತರ: ನೀವು ವೈದ್ಯರಿಗೆ ಹೇಳಿ ಬದಲಾಯಿಸಬಹುದು, ಆರರಿಂದ ಎಂಟು ವಾರಗಳ ನಂತರ ಥೈರಾಯ್ಡ್ ಹತೋಟಿಯನ್ನು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು, ಆಮೇಲೆ ಅದೇ ತಯಾರಕರದ್ದಕ್ಕೆ ಅಂಟಿಕೊಳ್ಳಬೇಕು. ತಮ್ಮನ ಮಾತ್ರೆಯನ್ನು, ಫಿಟ್ಸ್ ಹತೋಟಿಯಲ್ಲಿದ್ದರೆ, ಹಣ ಉಳಿಸುವುದಕ್ಕಾಗಿ ಮುಟ್ಟಬೇಡಿ. ಅಪಸ್ಮಾರದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮನೋರೋಗಕ್ಕೆ ಕೊಡುವ ಲಿಥಿಯಂ ಮುಂತಾದವುಗಳಲ್ಲಿ ಸಾಕಾಗುವ ಮಟ್ಟಕ್ಕೂ ಅತಿಯಾಗುವ ಮಟ್ಟಕ್ಕೂ ಅಂತರ ತೀರ ಕಿರಿದು; ಅಗ್ಗದ್ದರಿಂದ ದುಬಾರಿಗೆ ಹೋದರೂ ಅಪಾಯ ಅಷ್ಟೇ.

ಪ್ರಶ್ನೆ: ನಮ್ಮ ಆಯಿಗೆ ವಾರದ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಏಳು ಖಾನೆಯ ಡಬ್ಬಿಯಲ್ಲಿ ತುಂಬಿಡುತ್ತೇನೆ. ಮಳೆಗಾಲದಲ್ಲಿ ಜನರಿಕ್ ಗುಳಿಗೆ ಮೆತ್ತಗಾಯಿತು. ಮೊದಲಿನ ಕಂಪನಿಯದು ಹೀಗಾಗುತ್ತಿರಲಿಲ್ಲ. (ಓದುಗರು, ಅಂಕೋಲಾ)

ಉತ್ತರ: ಮೊದಲಿನದನ್ನು ಬೇಸಿಗೆಯಲ್ಲಿ ತುಂಬಿಟ್ಟಿರಬಹುದು. ಉದಾಹರಣೆಗೆ, ಟೆಲ್ಮಿಸಾರ್ಟಾನ್ ಮಾತ್ರೆ ಗಾಳಿಯ ತೇವವನ್ನು ಹೀರುವ ಗುಣದ್ದು, ಆದ್ದರಿಂದಲೇ ಅದನ್ನು ಎರಡೂ ಬದಿ ಅಲ್ಯುಮಿನಿಯಂ ಇರುವ ಪಟ್ಟಿಯಲ್ಲಿ ಮುಚ್ಚಿರುತ್ತಾರೆ ಮತ್ತು ನುಂಗುವ ಹೊತ್ತಿಗೆ ಮಾತ್ರ ಬಿಡಿಸಬೇಕೆಂದು ಮೂಲ ತಯಾರಕರೇ ಸೂಚಿಸಿದ್ದಾರೆ. ಅಪಸ್ಮಾರಕ್ಕೆ ಕೊಡುವ ಸೋಡಿಯಂ ವ್ಯಾಲ್‌ಪ್ರೊಯೇಟ್ ಕೂಡ ಹೀಗೆಯೇ. ಆಸ್ಪಿರಿನ್ ತೇವ ತಗುಲಿದರೆ ಒಡೆದು ವಿನೆಗರಿನ ವಾಸನೆ ಬರುತ್ತದೆ. ಹಾಗೆ ಬಂದರೆ ಎಸೆಯಿರಿ. ಜುಲೈ ತಿಂಗಳ ಕರಾವಳಿಯ ಗಾಳಿಯಲ್ಲಿ ವಾರಗಟ್ಟಲೆ ಬಿಚ್ಚಿಟ್ಟರೆ ಯಾವ ಕಂಪನಿಯ ಹೆಸರೂ ಮಾತ್ರೆಯನ್ನು ಕಾಯುವುದಿಲ್ಲ.

ಡಬ್ಬಿ ಬೇಕೇ ಬೇಕೆಂದಿದ್ದರೆ ಪಟ್ಟಿಯನ್ನು ಕತ್ತರಿಯಿಂದ ಒಂದೊಂದು ಮಾತ್ರೆಯ ತುಂಡುಗಳಾಗಿ, ಗುಳ್ಳೆ ಒಡೆಯದಂತೆ ಕತ್ತರಿಸಿ ಖಾನೆಗೆ ಹಾಕಿ. ಇಡಿಯ ಪಟ್ಟಿಯ ಒಂದು ಭಾಗದಲ್ಲಿ ಮಾತ್ರ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವುದರಿಂದ ಆ ತುಂಡನ್ನು ಕೊನೆಗೆ ಬಳಸಿ. ಪೊರೆಯಿಂದ ಬಿಡಿಸದ ಮಾತ್ರೆಯನ್ನು ಹಿರಿಯರು ಅರೆಗತ್ತಲಲ್ಲಿ ಹಾಗೆಯೇ ನುಂಗಿಬಿಡುವ ಅಪಾಯವಿರುವುದರಿಂದ, ಆಯಿಯ ಕೈಗೆ ಕೊಡುವಾಗ ಬಿಡಿಸಿಯೇ ಕೊಡಿ.