ತಾಳ ಸರಿಯಿತ್ತು, ಲಯ ತಪ್ಪಿತ್ತು

ಮಾನ್ಯರೇ,

ಕಳೆದ ಸಂಚಿಕೆಯ ವಿದ್ಯಾರ್ಥಿ ಪುಟದಲ್ಲಿ ‘ಲಯ ಎಂದರೆ ತಾಳ’ ಎಂದು ಅಚ್ಚಾಗಿದ್ದನ್ನು ನೀವು ಹಿಡಿದಿದ್ದೀರಿ. ಕರಡು ತಿದ್ದುವಾಗ ನೋಡಿಯೂ ಬಿಟ್ಟವನು ನಾನೇ. ಎಂಟನೇ ತರಗತಿಯ ನಿಮ್ಮ ಮಗಳು ಅದನ್ನೇ ಉರು ಹೊಡೆದು ಸಂಗೀತದ ಮೇಷ್ಟ್ರಿಗೆ ಒಪ್ಪಿಸಿ ಬೈಸಿಕೊಂಡಳೆಂದು ಓದಿ ಮುಜುಗರವಾಯಿತು. ‘ಹಾಡಿಗೂ ಚಿತ್ರಕ್ಕೂ ಒಂದೇ ಪದ ಬಳಸಿ ಮಕ್ಕಳ ತಲೆ ಕೆಡಿಸುತ್ತೀರಿ. ಏಳು ಸ್ವರಕ್ಕೆ ಏಳು ಬಣ್ಣ ಎಂಬುದಾದರೂ ನಿಜವೇ?’ ಎಂದೂ ಕೇಳಿದ್ದೀರಿ.

ಮೊದಲು ತಾಳ. ಮಗಳ ಕೈಲಿ ಆದಿತಾಳ ಹಾಕಿಸಿ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಹಾಕಿ ಅಂಗೈ ತಿರುಗಿಸುವುದು, ಒಟ್ಟು 8. ಮಕ್ಕಳು ಬೆರಳೆಣಿಸುವಾಗ ನಿಧಾನವಾಗಿದ್ದು ಕೊನೆಗೆ ಓಡಿಬಿಡುತ್ತಾರೆ. ಎಣಿಕೆ ಎಂಟೇ ಆಯಿತು, ತಾಳ ತಪ್ಪಲಿಲ್ಲ. ಒಂದೆಣಿಕೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಕುಗ್ಗಿತು, ಲಯ ತಪ್ಪಿತು. ಇನ್ನೊಬ್ಬಳು ಒಂದು ಬೆರಳು ನುಂಗಿ 7ಕ್ಕೇ ಮುಗಿಸುತ್ತಾಳೆ, ನಡಿಗೆ ಮಾತ್ರ ಗಡಿಯಾರದಷ್ಟು ಸಮ. ಅಲ್ಲಿ ಲಯ ನಿಂತಿದೆ, ತಾಳ ಕೆಟ್ಟಿದೆ. ಈ ಎರಡು ತಪ್ಪನ್ನೂ ಬೇಕೆಂದೇ ಮಾಡಿಸಿ ನೋಡಿ. ನಮ್ಮ ಪುಟದ ವ್ಯಾಖ್ಯೆಯನ್ನು ಅವಳೇ ಹರಿದುಹಾಕುತ್ತಾಳೆ.

ಚಿತ್ರದಲ್ಲಿ ಲಯ ಎನ್ನುವುದೂ ಬಿಡುವಿನ ಮಾತೇ. ಸಾಲುಗಂಬ ಬರೆದರೆ ಕಂಬಗಳಷ್ಟೇ ನಡುವಿನ ಖಾಲಿ ಜಾಗವೂ ಕಣ್ಣನ್ನು ನಡೆಸುತ್ತದೆ. ಆದರೆ ಹಾಡು ನಮ್ಮನ್ನು ತನ್ನ ಹೆಜ್ಜೆಗೇ ಎಳೆದೊಯ್ಯುತ್ತದೆ. ಚಿತ್ರದೆದುರು ಕಣ್ಣು ಹಿಂದಕ್ಕೂ ಹೋದೀತು, ಒಂದೆಡೆ ನಿಂತೂಬಿಟ್ಟೀತು. ಪದ ಒಂದೇ ಆದರೂ ಕೆಲಸ ಒಂದೇ ಅಲ್ಲ.

ಏಳು ಬಣ್ಣದ ಲೆಕ್ಕ ನನಗೆ ಮೊದಲಿನಿಂದಲೂ ಅನುಮಾನದ್ದು. ನ್ಯೂಟನ್ 1704ರ ‘ಆಪ್ಟಿಕ್ಸ್’ನಲ್ಲಿ ಬಣ್ಣದ ಚಕ್ರವನ್ನು ಸ್ವರಾಂತರಗಳ ಅಳತೆಗೆ ಹೊಂದಿಸಿ ಏಳು ಭಾಗ ಮಾಡಿದ. ಬೆಳಕಿನ ಪಟ್ಟಿಯಲ್ಲಿ ಅಂಥ ಗೆರೆಗಳಿಲ್ಲ, ಒಂದು ಬಣ್ಣ ಇನ್ನೊಂದರಲ್ಲಿ ಕರಗುತ್ತಾ ಹೋಗುತ್ತದೆ. ಮೇಲಾಗಿ, ಸ್ವರದ ಕಂಪನ ಎರಡರಷ್ಟಾದರೆ ಮತ್ತೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. 400ರ ಎರಡರಷ್ಟೆಂದರೆ 800, ಅಲ್ಲಿಗೆ ಒಂದು ಸ್ಥಾಯಿಯೂ ತುಂಬುವುದಿಲ್ಲ. ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಕೆಂಪನ್ನು ಎಲ್ಲಿಂದ ತರುವುದು?

ಹಾಡಿಗೂ ಚಿತ್ರಕ್ಕೂ ನಿಜವಾದ ನಂಟು ಕಾಣುವುದು ಆಧಾರದಲ್ಲಿ, ಅಂದರೆ ಯಾವುದಕ್ಕೆ ಹೋಲಿಸಿ ಕೇಳುತ್ತೇವೆ, ನೋಡುತ್ತೇವೆ ಎಂಬುದರಲ್ಲಿ. ಸೆಕೆಂಡಿಗೆ 240 ಕಂಪನದ ನಾದವನ್ನು ‘ಸ’ ಎಂದು ಹಿಡಿದರೆ 360ರದ್ದು ‘ಪ’. ಇನ್ನೊಬ್ಬರು 360ಕ್ಕೇ ಶ್ರುತಿ ಇಟ್ಟುಕೊಂಡರೋ, ಅದೇ ನಾದ ‘ಸ’ ಆಗಿಬಿಡುತ್ತದೆ. ಈಗ ಒಂದೇ ಬೂದು ಕಾಗದದಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ನಡುವೆ, ಇನ್ನೊಂದನ್ನು ಬಿಳಿ ಹಾಳೆಯ ನಡುವೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ, ಬಿಳಿಯ ಮೇಲಿನದು ಗಾಢವಾಗಿ ಕಾಣುತ್ತದೆ. ಒಂದೇ ಕಾಗದವೆಂದು ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ.

ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಇದೇ ಪಂಚಾಯಿತಿ ಎದುರಾಗಿತ್ತು. ಕಪ್ಪು ನೂಲಿನ ಬಣ್ಣಕ್ಕೆ ಕಸುವಿಲ್ಲವೆಂದು ದೂರು. ಪರೀಕ್ಷಿಸಿದರೆ ನೂಲು ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ನೇಯ್ದ ನೀಲಿ ಅದನ್ನು ಪೇಲವ ಮಾಡಿತ್ತು. ಆ ಶೋಧನೆಯೆಲ್ಲ 1839ರಲ್ಲಿ ಪುಸ್ತಕವಾಯಿತು. ಬಣ್ಣದ ಡಬ್ಬಿಯನ್ನು ಬೈಯುವ ಮೊದಲು ಪಕ್ಕದ ಬಣ್ಣ ಯಾವುದೆಂದು ನೋಡಲು ನಿಮ್ಮ ಮಗಳಿಗೂ ಹೇಳಿ.

ತಿದ್ದುಪಡಿ ಮುಂದಿನ ಸಂಚಿಕೆಯ ವಿದ್ಯಾರ್ಥಿ ಪುಟದಲ್ಲೇ ಬರುತ್ತದೆ. ಅಂದಹಾಗೆ, ಆ ಪ್ರಯೋಗಕ್ಕೆ ಬಿಳಿ ಹಾಳೆಯೆಂದು ನಮ್ಮ ಪತ್ರಿಕೆಯ ಪುಟವನ್ನು ಹರಿಯಬೇಡಿ. ಅದು ಅಷ್ಟೇನೂ ಬಿಳಿಯಲ್ಲ.

— ಸಂಪಾದಕ