ಅಮೆರಿಕದ ಹದಿಹರೆಯದವರು ಮೈಸ್ಪೇಸ್, ಫೇಸ್‌ಬುಕ್ ಎಂಬ ಎರಡು ಸಾಮಾಜಿಕ ಜಾಲತಾಣಗಳ ನಡುವೆ ಸಾಮಾಜಿಕ ವರ್ಗದ ಪ್ರಕಾರ ಹಂಚಿಹೋದದ್ದು ಯಾಕೆ?

ಮುಖ್ಯ ಕಾರಣ, ಫೇಸ್‌ಬುಕ್ ಮೊದಲು ಯಾರಿಗೆ ಬಾಗಿಲು ತೆರೆಯಿತು ಅನ್ನುವುದು. 2004ರಲ್ಲಿ ಅದು ಹಾರ್ವರ್ಡ್‌ನಲ್ಲಿ ಶುರುವಾದಾಗ ಕಾಲೇಜಿನ ಇಮೇಲ್ ಇಲ್ಲದವರಿಗೆ ಪ್ರವೇಶವೇ ಇರಲಿಲ್ಲ; ಎಲ್ಲರಿಗೂ ಸಿಕ್ಕಿದ್ದು 2006ರಲ್ಲಿ. ಮೈಸ್ಪೇಸ್‌ಗೆ ಅಂಥ ಷರತ್ತಿರಲಿಲ್ಲ.

ಜನ ಸೇರುವುದು ತಮ್ಮವರು ಇರುವ ಕಡೆಗೇ ತಾನೇ? ಅಣ್ಣನೋ ಅಕ್ಕನೋ ಕಾಲೇಜಿನಲ್ಲಿದ್ದ, ತಾವೂ ಹೋಗುವುದು ಖಚಿತವೆಂದುಕೊಂಡಿದ್ದ ಮಕ್ಕಳು, ಹೆಚ್ಚಾಗಿ ಅನುಕೂಲಸ್ಥ ಮನೆಯವರು, ಫೇಸ್‌ಬುಕ್ ಹಿಡಿದರು. ಉಳಿದವರಲ್ಲಿ ಬಹಳಷ್ಟು ಮಂದಿ ಮೈಸ್ಪೇಸ್ ಬಿಡಲಿಲ್ಲ. ಹೀಗೆ ಬೇರೆಯಾದ ಮೇಲೆ ಅಭಿರುಚಿಯ ಜಗಳ: ಮೈಸ್ಪೇಸ್ ಪುಟದ ಮಿನುಗುವ ಹಿನ್ನೆಲೆ, ತೆರೆದೊಡನೆ ಅರಚುವ ಹಾಡು ಕೆಲವರಿಗೆ ‘ಚೀಪ್’ ಎನಿಸಿದರೆ, ಫೇಸ್‌ಬುಕ್‌ನ ಒಂದೇ ಅಚ್ಚಿನ ನೀಲಿ-ಬಿಳಿ ಪುಟ ಇನ್ನು ಕೆಲವರಿಗೆ ಸಪ್ಪೆ. 2007ರಲ್ಲಿ ಸಂಶೋಧಕಿ ಡಾನಾ ಬಾಯ್ಡ್ ಇದನ್ನು ವರ್ಗದ ಒಡಕು ಎಂದೇ ಬರೆದರು. ಅಮೆರಿಕನ್ನರು ಬಾಯಿಬಿಟ್ಟು ಆಡಲು ಹಿಂಜರಿಯುವ ಮಾತು ಅದು.