ಓದುಗರು ಕೇಳಿದ್ದು: ಕೆಂಪುಕಲ್ಲು ಬಿಟ್ಟು ಹೊಸದಕ್ಕೆ ಹೋಗ್ಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ತರ, ಯೂಟ್ಯೂಬಲ್ಲಿ ಯಾವುದೋ ಹೊಸ ಬ್ಲಾಕು, ಹೊಸ ಪ್ಯಾನಲ್ಲು ನೋಡಿ ಇದು ನಮ್ಮ ಉಡುಪಿ ಮಂಗ್ಳೂರು ಕಡೆಗೆ ಆಗ್ತದಾ ಅಂತ ಕೇಳಿದವರು. ದೀಪಾವಳಿ ಕಳೆದ ಮೇಲೆ ಪಾಯ ತೆಗೆಯುವವರು ಈಗ್ಲೇ ಲೆಕ್ಕ ಹಾಕ್ಲಿಕ್ಕೆ ಕೂತಿದ್ದಾರೆ ಅಂತ ಕಾಣ್ತದೆ. ಎಲ್ಲದಕ್ಕೂ ಬರೀಲಿಕ್ಕೆ ಜಾಗ ಇಲ್ಲ, ಕೆಲವು ಆರಿಸಿದ್ದೇನೆ.

ಪ್ರಶ್ನೆ: ಸರ್, ಹತ್ತು ಸೆಂಟ್ಸ್ ಜಾಗ ಉಂಟು, ಕೆಳಗೆ ಮೇಲೆ ಸೇರಿ 1,600 ಸ್ಕ್ವೇರ್ ಫೀಟಿನ ಮನೆ ಕಟ್ಟುವ ಅಂತ. ಮೇಸ್ತ್ರಿ ಕೆಂಪುಕಲ್ಲೇ ಸಾಕು ಅಂತಾರೆ, ಬೆಂಗಳೂರಲ್ಲಿರುವ ಮಗ ಎಎಸಿ ಬ್ಲಾಕ್ ಹಾಕುವ ಅಪ್ಪ, ಮನೆ ತಂಪಿರ್ತದೆ, ಸಿಮೆಂಟ್ ಉಳೀತದೆ ಅಂತಾನೆ. ಯಾರ ಮಾತು ಕೇಳುದು?
— ಓದುಗರು, ಕಾಪು

ಉತ್ತರ: ಮಗ ಹೇಳಿದ್ದು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಪೂರ್ತಿ ಸರಿ. ನಿಮ್ಮ ಮನೆಗೆ ಅರ್ಧ ಸರಿ.

ಮೊದಲು ಈ ಎಎಸಿ, ಅಂದ್ರೆ ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್, ಎಂತದು ಅಂತ ನೋಡುವ. ಹಾರುಬೂದಿ, ಸುಣ್ಣ, ಸಿಮೆಂಟು, ಸ್ವಲ್ಪ ಜಿಪ್ಸಮ್ ಕಲಸಿ ಅದಕ್ಕೆ ಚಿಟಿಕೆ ಅಲ್ಯುಮಿನಿಯಂ ಪುಡಿ ಹಾಕ್ತಾರೆ, ಆ ಪುಡಿ ಸುಣ್ಣದ ಜೊತೆ ಸೇರಿ ಗ್ಯಾಸ್ ಬಿಟ್ಟು ಹಿಟ್ಟು ಉಬ್ಬುತ್ತದೆ, ಆಮೇಲೆ ಕಟ್ ಮಾಡಿ ದೊಡ್ಡ ಪ್ರೆಶರ್ ಕುಕ್ಕರಿನಂತ ಟ್ಯಾಂಕಲ್ಲಿ ಹಬೆಯಲ್ಲಿ ಬೇಯಿಸ್ತಾರೆ. ನಮ್ಮ ಮೂಡೆಯ ಹಾಗೇ ಅಂತ ಇಟ್ಕೊಳ್ಳಿ, ಉದ್ದಿನ ಕೆಲಸ ಅಲ್ಯುಮಿನಿಯಂ ಮಾಡ್ತದೆ ಅಷ್ಟೆ. 1920ರ ದಶಕದಲ್ಲಿ ಸ್ವೀಡನ್ನಿನ ಆರ್ಕಿಟೆಕ್ಟ್ ಆಕ್ಸೆಲ್ ಎರಿಕ್ಸನ್ ಕಂಡುಹಿಡಿದದ್ದು, ಅಂದ್ರೆ ನೂರು ವರ್ಷದ ಹಳೇ ಮಾಲು, ನಮಗೆ ಹೊಸದು. ಒಳಗೆಲ್ಲ ಗುಳ್ಳೆ ಇರುವುದರಿಂದ ಹಗುರ, ಒಂದು ಕ್ಯೂಬಿಕ್ ಮೀಟರಿಗೆ 600 ಕೆ.ಜಿ. ಆಸುಪಾಸು. ಕೆಂಪುಕಲ್ಲು, ಅಂದ್ರೆ ಲ್ಯಾಟರೈಟ್, ಇದರ ಮೂರು ಪಟ್ಟಿನ ಮೇಲೆ ತೂಗ್ತದೆ.

ಈ ಹಗುರದಿಂದ ದುಡ್ಡು ಉಳಿಯುದು ಎಲ್ಲಿ? ಏಳೆಂಟು ಮಾಳಿಗೆ ಇರುವಲ್ಲಿ. ಗೋಡೆಯ ಭಾರ ಇಳಿದ್ರೆ ಬೀಮು, ಪಿಲ್ಲರು, ಫೌಂಡೇಶನ್ ಎಲ್ಲದರ ಕಬ್ಬಿಣ ಕಮ್ಮಿ ಆಗ್ತದೆ. ನಿಮ್ಮದು ಎರಡೇ ಮಾಳಿಗೆ, ಗಟ್ಟಿ ಕೆಂಪುಕಲ್ಲಲ್ಲಿ ಕಟ್ಟಿದ್ರೆ ಗೋಡೆಯೇ ಸ್ಲಾಬ್ ಹೊರ್ತದೆ, ಪಿಲ್ಲರೇ ಬೇಡ. ಎಎಸಿ ಹಾಕ್ಬೇಕಾದ್ರೆ ಸಾಮಾನ್ಯವಾಗಿ ಪಿಲ್ಲರ್ ಬೀಮಿನ ಫ್ರೇಮ್ ಮೊದಲು ಎಬ್ಬಿಸ್ಬೇಕು. ಮಗ ಹೇಳಿದ ಹಾಗೆ ಸಾರಣೆಯ ಸಿಮೆಂಟಲ್ಲಿ ಉಳಿದದ್ದು ಫ್ರೇಮಿಗೆ ಹೋಯ್ತು. ಈ ಲೆಕ್ಕ ಯಾವ ವಿಡಿಯೋದಲ್ಲೂ ಹೇಳುದಿಲ್ಲ ಮಾರಾಯ್ರೆ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಮೇಲೆ ಬೀಳ್ತದೆ, ಅದೂ ಪಡುವಣ ಗಾಳಿಯ ಜೊತೆ ಓರೆಯಾಗಿ ಗೋಡೆಗೇ ಹೊಡೀತದೆ. ಎಎಸಿ ಬ್ಲಾಕು ನೀರು ಚೆನ್ನಾಗಿ ಹೀರ್ತದೆ, ಒಣಗುವಾಗ ಕುಗ್ಗುತ್ತದೆ. ಒಂದು ಮೀಟರಿಗೆ ಅರ್ಧ ಮಿಲಿಮೀಟರ್ ತನಕ ಕುಗ್ಗಿದ್ರೂ ಸ್ಟ್ಯಾಂಡರ್ಡ್ ಪ್ರಕಾರ ಅದು ಪಾಸ್ ಆದ ಬ್ಲಾಕೇ. ನಾಲ್ಕು ಮೀಟರಿನ ಗೋಡೆಗೆ ಎರಡು ಮಿಲಿಮೀಟರ್ ಆಯ್ತು, ಅದು ಎಲ್ಲಾದ್ರೂ ಬಿರುಕಾಗಿ ಕಾಣಲೇಬೇಕಲ್ವಾ. ಕಾಣುದು ಹೆಚ್ಚಾಗಿ ಬೀಮಿನ ಕೆಳಗೆ, ಪಿಲ್ಲರಿನ ಬದಿಯಲ್ಲಿ, ಎಲ್ಲಿ ಕಾಂಕ್ರೀಟು ಮತ್ತು ಬ್ಲಾಕು ಸೇರ್ತದೋ ಅಲ್ಲಿ.

ನನ್ನದೇ ಕತೆ ಹೇಳ್ತೇನೆ. ಮನೆ ಮೇಲೆ ಒಂದು ರೂಮು ಎಎಸಿಯಲ್ಲಿ ಕಟ್ಟಿಸಿದೆ, ಬ್ಲಾಕ್ ಲೋಡ್ ಬಂದದ್ದು ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಅಂಗಳದಲ್ಲಿ ಮಣ್ಣಿನ ಮೇಲೇ ಇಳಿಸಿದ್ರು, ನಾನೂ ನಾಳೆ ಟಾರ್ಪಾಲ್ ತರುವ ಅಂತ ಸುಮ್ಮನಿದ್ದೆ, ಆ ರಾತ್ರಿಯೇ ಮಳೆ ಹೊಡೀತು, ಮೂರು ದಿನ ಬಿಡ್ಲಿಲ್ಲ. ಒದ್ದೆ ಬ್ಲಾಕಲ್ಲೇ ಗೋಡೆ ಎದ್ದಿತು, ಮೇಲಿಂದ ಗಟ್ಟಿ ಸಿಮೆಂಟಿನ ಸಾರಣೆ. ದೀಪಾವಳಿಗೆ ದೀಪ ಇಡ್ಲಿಕ್ಕೆ ಹೋದ್ರೆ ಬೀಮಿನ ಅಡಿಗೆ ಉದ್ದಕ್ಕೂ ಗೆರೆ, ಕಿಟಕಿಯ ಮೂಲೆಯಿಂದ ಇನ್ನೊಂದು ಓರೆ ಗೆರೆ. ಮುಂದಿನ ಆಟಿಯ ಮಳೆಯಲ್ಲಿ ಆ ಗೆರೆಯಲ್ಲೇ ನೀರು ಇಳಿದು ಒಳಗಡೆ ಬೂಷ್ಟು. ಇಷ್ಟು ವರ್ಷ ಊರಿನವರಿಗೆಲ್ಲ ಸಲಹೆ ಕೊಟ್ಟವನ ಮನೆಯಲ್ಲೇ ಹೀಗೆ, ಹೆಂಡತಿ ಇವತ್ತಿಗೂ ಬಿಡುದಿಲ್ಲ.

ಹಾಗಾಗಿ ಹಾಕುದಾದ್ರೆ ಬ್ಲಾಕು ಹಲಗೆ ಮೇಲಿಟ್ಟು ಮುಚ್ಚಿಡಿ. ಇಟ್ಟಿಗೆಯ ಹಾಗೆ ನೀರಲ್ಲಿ ಅದ್ದಬೇಡಿ, ಮೇಲೆ ಸ್ವಲ್ಪ ಚಿಮುಕಿಸಿದ್ರೆ ಸಾಕು. ಜಾಯಿಂಟಿಗೆ ಅದರದ್ದೇ ಅಂಟು, ಮೂರು ಮಿಲಿಮೀಟರ್, ನಮ್ಮ ಮೇಸ್ತ್ರಿಗಳಿಗೆ ಅಭ್ಯಾಸ ಅರ್ಧ ಇಂಚಿನ ಗಾರೆ, ಅವರು ನಕ್ಕುಬಿಡ್ತಾರೆ, ಹತ್ರ ನಿಂತು ಹಾಕಿಸಿ. ಕಾಂಕ್ರೀಟ್ ಸೇರುವಲ್ಲಿ ಮೆಶ್ ಹೊಡೆದೇ ಸಾರಣೆ. ಸಾರಣೆ ಮಿಕ್ಸ್ ಗಟ್ಟಿ ಬೇಡ, ಒಂದು ಸಿಮೆಂಟಿಗೆ ಆರು ಮರಳು ಸಾಕು, ಬ್ಲಾಕಿಗಿಂತ ಸಾರಣೆ ಗಟ್ಟಿ ಆದ್ರೆ ಅದು ಬ್ಲಾಕನ್ನು ಬಿಟ್ಟು ಹಪ್ಪಳದ ಹಾಗೆ ಎದ್ದು ಬರ್ತದೆ.

ಆಮೇಲೆ ಮೊಳೆ ವಿಷಯ. ಬಚ್ಚಲಿನ 25 ಲೀಟರ್ ಗೀಸರು ನೀರು ತುಂಬಿದ್ರೆ 35 ಕೆ.ಜಿ. ಹತ್ರ ಬರ್ತದೆ, ಸಾದಾ ಪ್ಲಗ್ ಹಾಕಿ ತೂಗಿಸಿದ್ರೆ ಗುಳ್ಳೆ ಪುಡಿಯಾಗಿ ಕೈಗೆ ಬರ್ತದೆ. ಉದ್ದದ ನೈಲಾನ್ ಆಂಕರ್ ಬೇಕು. ಅದಕ್ಕಿಂತ ಒಳ್ಳೇದು ಗೀಸರ್, ವಾಶ್ ಬೇಸಿನ್, ಕಿಟಕಿ ಗ್ರಿಲ್, ಎಸಿ ಬರುವಲ್ಲಿ ಕಟ್ಟುವಾಗಲೇ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಕೂರಿಸುದು.

ಕೆಂಪುಕಲ್ಲು ದೇವರು ಅಂತಲ್ಲ. ಒಂದೇ ಕೋರೆಯಲ್ಲಿ ಮೇಲಿನ ಪದರದ ಕಲ್ಲು ಗಟ್ಟಿ, ಕೆಳಗೆ ಹೋದ ಹಾಗೆ ಬಿಳಿ ಜೇಡಿ ಬರುವ ಮೆತ್ತನೆ ಕಲ್ಲು, ಎರಡೂ ಒಂದೇ ಲಾರಿಯಲ್ಲಿ ಬರ್ತದೆ. ಸ್ಟ್ಯಾಂಡರ್ಡ್ ಪ್ರಕಾರ ನೀರು ಹೀರುದು 12 ಪರ್ಸೆಂಟಿಗಿಂತ ಹೆಚ್ಚಾಗಬಾರದು, ಅದನ್ನು ನೋಡುವವರು ಯಾರು. ಪರ್ಮಿಟ್ ತಾಪತ್ರಯ ಬಂದ್ರೆ ಕಲ್ಲೇ ಸಿಗುದಿಲ್ಲ, ಕೆಲಸ ನಿಲ್ತದೆ. ನಿಮಗೆ ನಾನು ಹೇಳುದು, ಕೆಳಗಿನ ಮಾಳಿಗೆಗೆ ಮತ್ತು ಹೊರಗೋಡೆಗೆ ಕೆಂಪುಕಲ್ಲು, ಮೇಲೆ ಸ್ಲಾಬಿನ ನಡುವೆ ಕೆಳಗೆ ಗೋಡೆ ಇಲ್ಲದ ಕಡೆ ಪಾರ್ಟಿಶನ್ ಬರ್ತದಲ್ಲ, ಅಲ್ಲಿಗೆ ಎಎಸಿ, ಇಂಜಿನಿಯರಿಗೆ ಸ್ಲಾಬಿನ ಲೆಕ್ಕ ತೋರಿಸಿಕೊಂಡು. ಅಪ್ಪ ಮಗ ಇಬ್ಬರಿಗೂ ಸಮಾಧಾನ.

ಪ್ರಶ್ನೆ: ದುಬೈಯಲ್ಲಿರುವ ತಮ್ಮನಿಗೆ ಒಂದೂವರೆ ತಿಂಗಳು ರಜೆ. ರೆಡಿಮೇಡ್ ಜಿಪ್ಸಮ್ ಪ್ಯಾನಲ್ಲಲ್ಲಿ ತಿಂಗಳೊಳಗೆ ಮನೆ ಆಗ್ತದಂತೆ, ರಜೆಯಲ್ಲೇ ಒಕ್ಕಲು ಮಾಡಿ ಹೋಗ್ತೇನೆ ಅಂತಾನೆ. ನಂಬಬಹುದಾ?
— ಓದುಗರು, ಮೂಡುಬಿದಿರೆ

ಉತ್ತರ: ತಮ್ಮ ಹೇಳುದು ಜಿಎಫ್‌ಆರ್‌ಜಿ ಪ್ಯಾನಲ್ ಇರ್ಬೇಕು, ಗಾಜಿನ ನಾರು ಸೇರಿಸಿದ ಜಿಪ್ಸಮ್. ಸುಳ್ಳಲ್ಲ. 2013ರಲ್ಲಿ ಚೆನ್ನೈಯ ಐಐಟಿ ಕ್ಯಾಂಪಸಲ್ಲಿ ಎರಡು ಮಾಳಿಗೆಯ ನಾಲ್ಕು ಮನೆಯ ಮಾದರಿ ಕಟ್ಟಡ ಸುಮಾರು ಒಂದು ತಿಂಗಳಲ್ಲಿ ಎದ್ದು ನಿಂತಿದೆ. ರಸಗೊಬ್ಬರ ಫ್ಯಾಕ್ಟರಿಯಲ್ಲಿ ಗುಡ್ಡೆ ಬೀಳುವ ಜಿಪ್ಸಮ್ಮನ್ನೇ ಬಳಸುದು, ಕೊಚ್ಚಿಯಲ್ಲಿ ಫ್ಯಾಕ್ಟ್ ಗೊಬ್ಬರ ಕಂಪೆನಿಯವರ ಜಾಗದಲ್ಲಿ ಇದಕ್ಕೆಂದೇ ಘಟಕ ಹಾಕಿದ್ದು ಅದಕ್ಕೇ. ಐಡಿಯಾ ನನಗೂ ಭಾರೀ ಇಷ್ಟ.

ಆದ್ರೆ ಒಂದು ಪ್ಯಾನಲ್ 12 ಮೀಟರ್ ಉದ್ದ, 3 ಮೀಟರ್ ಎತ್ತರ. ಅಳತೆಗೆ ಕಟ್ ಮಾಡಿ ತಂದ್ರೂ ದೊಡ್ಡ ಲಾರಿ ಬೇಕು, ಇಳಿಸ್ಲಿಕ್ಕೆ ಕ್ರೇನ್ ಬೇಕು. ಕೊಚ್ಚಿಯಿಂದ ತರುದಾದ್ರೆ ಇಲ್ಲಿಗೆ 400 ಕಿಲೋಮೀಟರಿನ ಮೇಲೆ, ಅದಿರ್ಲಿ, ಹೈವೇ ಬಿಟ್ಟು ನಿಮ್ಮ ತೋಟದ ನಡುವಿನ ಮಣ್ಣಿನ ದಾರಿಯಲ್ಲಿ ಕೊನೇ ಅರ್ಧ ಕಿಲೋಮೀಟರ್ ಆ ಲಾರಿ ತಿರುಗ್ತದಾ ನೋಡಿ. ಅಡಿಕೆ ಮರ ಎಷ್ಟು ಕಡೀಬೇಕಾದೀತು?

ಇನ್ನೊಂದು, ಇದರಲ್ಲಿ ಗೋಡೆಯೇ ಎಲ್ಲ ಭಾರ ಹೊರುದು. ಒಳಗಿನ ಟೊಳ್ಳಿಗೆ ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬ್ತಾರೆ, ಬಾಗಿಲು, ಕಿಟಕಿ, ಪೈಪು ಎಲ್ಲಿ ಅಂತ ಡ್ರಾಯಿಂಗಲ್ಲೇ ಮುಗೀಬೇಕು. ನಾವು ಹಾಗೆ ಕಟ್ಟುವವರಾ? ಗೋಡೆ ಎದ್ದ ಮೇಲೆ ಅತ್ತೆ ಬಂದು ದೇವರ ಕೋಣೆ ಬಾಗಿಲು ಪೂರ್ವಕ್ಕೆ ಆಗ್ಬೇಕಿತ್ತು ಅಂದ್ರೆ ಕೆಂಪುಕಲ್ಲಾದ್ರೆ ನಾಲ್ಕು ಕಲ್ಲು ತೆಗೆದು ತಿರುಗಿಸಬಹುದು, ಇಲ್ಲಿ ಆಗುದಿಲ್ಲ. ನೀರು ತಡೆಯುವ ಪ್ಯಾನಲ್ಲೇ ಬರ್ತದೆ ಆದ್ರೂ ಬಚ್ಚಲು, ತಾರಸಿ, ಜಾಯಿಂಟು ಈ ಮೂರು ಕಡೆ ವಾಟರ್‌ಪ್ರೂಫಿಂಗ್ ಚೂರು ತಪ್ಪಿದ್ರೂ ಒಳಗಿರುದು ಜಿಪ್ಸಮ್ ಅಂತ ನೆನಪಿರ್ಲಿ. ಐವತ್ತು ಮನೆಯ ಕಾಲನಿಗೆ ಒಂದು ಅನುಭವದ ತಂಡ ಬಂದು ಹಾಕಿದ್ರೆ ಬಹಳ ಒಳ್ಳೇದು, ಒಂಟಿ ಮನೆಗೆ ಅದೇ ತಂಡವನ್ನು ಎಲ್ಲಿಂದ ಕರೆಸ್ತೀರಿ, ನಾಳೆ ಸೋರಿದ್ರೆ ಯಾರನ್ನು ಕರೆಸ್ತೀರಿ. ಪ್ಲಾನ್ ಪಾಸು, ಪಾಯ, ಕರೆಂಟು, ಟೈಲ್ಸು ಇದಕ್ಕೆಲ್ಲ ಹೇಗೂ ರಜೆ ಸಾಕಾಗುದಿಲ್ಲ. ತಮ್ಮನಿಗೆ ಎರಡು ರಜೆ ಇಟ್ಟುಕೊಳ್ಳಲಿಕ್ಕೆ ಹೇಳಿ.

ಪ್ರಶ್ನೆ: ಮಲ್ಪೆ ಪಡುಕೆರೆ ಬದಿಯಲ್ಲಿ ಮನೆ, ಹಳೇ ಸ್ಲಾಬಿನ ಅಡಿ ಕಾಂಕ್ರೀಟ್ ಉದುರಿ ಸರಳು ಕಾಣ್ತಾ ಉಂಟು. ಹೊಸತಾಗಿ ಕಟ್ಟುವಾಗ ತುಕ್ಕೇ ಹಿಡಿಯದ ಫೈಬರ್ ರಾಡ್ ಹಾಕ್ಬಹುದಾ?

ಉತ್ತರ: ಕಬ್ಬಿಣ ತುಕ್ಕಾದ್ರೆ ಹಲವು ಪಟ್ಟು ಉಬ್ಬುತ್ತದೆ, ಅದೇ ಕಾಂಕ್ರೀಟನ್ನು ಒಳಗಿಂದ ಒಡೆದು ಉದುರಿಸುದು. ಗಾಜಿನ ನಾರಿನ ರಾಡ್ ತುಕ್ಕು ಹಿಡಿಯುದಿಲ್ಲ, ಹಗುರ, ಎಳೆದ್ರೆ ಕಬ್ಬಿಣಕ್ಕಿಂತ ಗಟ್ಟಿ. ಇಷ್ಟು ಕೇಳಿದ್ರೆ ಯಾರಿಗೂ ಆಸೆ ಆಗ್ತದೆ. ಆದ್ರೆ ಬಿಗಿತ, ಅಂದ್ರೆ ಭಾರಕ್ಕೆ ಜಗ್ಗದೆ ನಿಲ್ಲುವ ಗುಣ, ಕಬ್ಬಿಣದ ಕಾಲು ಭಾಗ, ಹೆಚ್ಚಂದ್ರೆ ಅದಕ್ಕಿಂತ ಚೂರು ಮೇಲೆ, ಹಾಗಾಗಿ ಕಬ್ಬಿಣಕ್ಕೆ ಮಾಡಿದ ಡಿಸೈನಲ್ಲಿ ರಾಡ್ ಮಾತ್ರ ಬದಲಿಸಿದ್ರೆ ಸ್ಲಾಬ್ ಜಗ್ಗಿ ಬಿರುಕು ಬಿಡ್ತದೆ. ಸೈಟಲ್ಲಿ ಬಗ್ಗಿಸ್ಲಿಕ್ಕೆ ಆಗುದಿಲ್ಲ, ರಿಂಗು, ಎಲ್ ಆಕಾರದ ರಾಡು ಎಲ್ಲ ಫ್ಯಾಕ್ಟರಿಯಿಂದಲೇ ಬಗ್ಗಿ ಬರ್ಬೇಕು. ಕಬ್ಬಿಣ ಮುರಿಯುವ ಮೊದಲು ಎಳೆದು ಬಾಗಿ ಸೂಚನೆ ಕೊಡ್ತದೆ, ಇದು ಕೊಡುದಿಲ್ಲ, ಪಟ್ಟಂತ ಹೋಗ್ತದೆ. ಬೆಂಕಿಯ ಬಿಸಿಗೆ ಒಳಗಿನ ರಾಳ ಮೆತ್ತಗಾಗ್ತದೆ. ಅಂಗಳದ ಕಾಂಕ್ರೀಟಿಗೆ ಹಾಕಿ ನೋಡಿ, ತಲೆ ಮೇಲಿನ ಸ್ಲಾಬಿಗೆ ಬೇಡ, ಅದಕ್ಕೇ ಡಿಸೈನ್ ಮಾಡುವ ಇಂಜಿನಿಯರ್ ಸಿಕ್ಕದ ಹೊರತು.

ನಿಮ್ಮ ಹಳೇ ಸ್ಲಾಬ್ ಹಾಳಾದದ್ದು ಕಬ್ಬಿಣದಿಂದ ಅನ್ನುವುದಕ್ಕಿಂತ ಕವರ್, ಅಂದ್ರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಸಾಲದೆ ಇರ್ಬೇಕು ಅಂತ ನನ್ನ ಗುಮಾನಿ. ಕಡಲ ಬದಿಗೆ ಕಾಂಕ್ರೀಟಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 456 ಕೇಳುದು ಎಂ-30 ದರ್ಜೆಯ ಕಾಂಕ್ರೀಟು, ಸರಳಿನ ಹೊರಗೆ 45 ಮಿಲಿಮೀಟರ್ ಕವರು. ನಮ್ಮ ಸೆಂಟ್ರಿಂಗಿನವರು ಕವರಿಗೆ ಅಂತ ಸರಳಿನ ಅಡಿ ಇಡುದು ಜಲ್ಲಿ ಚೂರು, ಅದು ಕಾಂಕ್ರೀಟ್ ಹಾಕುವಾಗ ಕಾಲಡಿಗೆ ಸಿಕ್ಕಿ ಹಾರಿ ಹೋಗಿರ್ತದೆ. ಅಳತೆಯ ಕವರ್ ಬ್ಲಾಕ್ ಇಡಿಸಿ, ಸ್ಲ್ಯಾಗ್ ಸಿಮೆಂಟ್ ತೆಗೊಳ್ಳಿ, ನೀರು ಹೆಚ್ಚು ಸುರಿಯಲಿಕ್ಕೆ ಬಿಡ್ಬೇಡಿ, ಅಳಿವೆ ಹತ್ರದ ಉಪ್ಪು ಮರಳು ಎಷ್ಟೇ ಅಗ್ಗಕ್ಕೆ ಬಂದ್ರೂ ಬೇಡ.

ಪ್ರಶ್ನೆ: ಸಾರಣೆ ಬದಲು ಜಿಪ್ಸಮ್ ಪ್ಲಾಸ್ಟರ್? ಕ್ಯೂರಿಂಗ್ ಬೇಡವಂತೆ.
— ಓದುಗರು, ಸುರತ್ಕಲ್

ಉತ್ತರ: ಒಳಗೋಡೆಗೆ ಆಗ್ತದೆ, ನುಣ್ಣಗೆ ಬರ್ತದೆ, ಪುಟ್ಟಿ ಖರ್ಚು ಉಳೀತದೆ. ಬಚ್ಚಲು, ಅಡುಗೆಮನೆ ಸಿಂಕಿನ ಗೋಡೆ, ಪಡು ದಿಕ್ಕಿನ ಹೊರಗೋಡೆಯ ಒಳಮೈ, ಈ ಮೂರಕ್ಕೆ ಬೇಡ.

ಪ್ರಶ್ನೆ: ಹಳೇ ತರವಾಡು ಮನೆ ಬಿಚ್ಚಿದ್ದೇವೆ, ಸಾವಿರಗಟ್ಟಲೆ ಮಂಗ್ಳೂರು ಹಂಚು ಉಳಿದಿದೆ, ಬಿಸಾಡ್ಲಿಕ್ಕೆ ಮನಸ್ಸಿಲ್ಲ. ಫಿಲ್ಲರ್ ಸ್ಲಾಬಿಗೆ ಹಾಕ್ತಾರಂತೆ, ಗಟ್ಟಿ ನಿಲ್ತದಾ?
— ಓದುಗರು, ಬಂಟ್ವಾಳ

ಉತ್ತರ: ಖಂಡಿತ ಹಾಕಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅಲ್ಲಿಂದ ಇಲ್ಲಿವರೆಗೆ ಮಳೆ ತಿಂದು ಬದುಕಿದ ಮಾಲು ಅದು. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಈ ಫಿಲ್ಲರ್ ಸ್ಲಾಬನ್ನು ಬೇಕಾದಷ್ಟು ಮನೆಗೆ ಹಾಕಿ ತೋರಿಸಿದ್ದಾರೆ. ಸ್ಲಾಬಿನ ಕೆಳಭಾಗದಲ್ಲಿ ಎಳೆತ ತಡೆಯುದು ಸರಳು ಮಾತ್ರ, ಅಲ್ಲಿನ ಕಾಂಕ್ರೀಟು ಬರೀ ಭಾರ, ಆ ಜಾಗಕ್ಕೆ ಹಂಚು ಕೂರಿಸಿದ್ರೆ ಕಾಂಕ್ರೀಟೂ ಉಳೀತದೆ, ಎರಡು ಹಂಚು ಜೋಡಿಸಿದ್ರೆ ನಡುವಿನ ಗಾಳಿಯಿಂದ ಬಿಸಿಯೂ ಕಮ್ಮಿ.

ತೊಂದರೆ ಎಲ್ಲಿ ಅಂದ್ರೆ, ಹೊರಗೆ ಚಾಚಿದ ಬಾಲ್ಕನಿ, ಸನ್‌ಶೇಡಿಗೆ ಇದೇ ಲೆಕ್ಕ ಉಲ್ಟಾ, ಅಲ್ಲಿ ಎಳೆತ ಮೇಲೆ, ಒತ್ತಡ ಕೆಳಗೆ, ಅಲ್ಲಿ ಹಂಚು ಇಡಲೇಬಾರದು. ಗೋಡೆಯ ಹತ್ರ ಒಂದೂವರೆ ಎರಡು ಅಡಿಯೂ ಪೂರ್ತಿ ಕಾಂಕ್ರೀಟೇ ಇರ್ಲಿ. ಬಚ್ಚಲಿನ ಮೇಲೆ ಬೇಡ. ಒಣ ಹಂಚು ಕಾಂಕ್ರೀಟಿನ ನೀರು ಕುಡಿದುಬಿಡ್ತದೆ, ಹಿಂದಿನ ದಿನವೇ ನೆನೆಸಿಡಿ, ಒಡೆದದ್ದು, ಹಾವಸೆ ಹಿಡಿದದ್ದು ಎಲ್ಲ ಮೊದಲೇ ಆರಿಸಿ. ಮತ್ತೆ ಫ್ಯಾನಿನ ಹುಕ್ಕು, ಲೈಟಿನ ಪೈಪು, ಚಾವಡಿಯ ಉಯ್ಯಾಲೆಯ ಕೊಂಡಿ ಎಲ್ಲಿ ಅಂತ ಮನೆಯವರೆಲ್ಲ ಕೂತು ಸ್ಲಾಬ್ ಹಾಕುವ ಮೊದಲೇ ತೀರ್ಮಾನ ಮಾಡಿ ಸೆಂಟ್ರಿಂಗ್ ಶೀಟಿನ ಮೇಲೆ ಚಾಕಲ್ಲಿ ಗುರ್ತು ಹಾಕಿಸಿ, ಆಮೇಲೆ ಡ್ರಿಲ್ ಹಿಡಿದ್ರೆ ತೂತು ಹೋಗುದು ಸೀದಾ ಹಂಚಿಗೆ.